ಸಂಘದ ಕೆಲಸವೋ, ನೆಟ್ ಓದೋ? ರಾಜ್ಯಶಾಸ್ತ್ರದ ಪ್ರಾಧ್ಯಾಪಕಿ ಆಗಬೇಕೆನ್ನುವ ವಿದ್ಯಾರ್ಥಿನಿಗೆ

ಪ್ರಶ್ನೆ: ಮೇಡಂ, ನಾನು ವಿಜಯಪುರ ಜಿಲ್ಲೆಯ ಒಂದು ಹಳ್ಳಿಯವಳು. ಎಂ.ಎ. ರಾಜ್ಯಶಾಸ್ತ್ರ ಕೊನೆಯ ವರ್ಷದಲ್ಲಿದ್ದೇನೆ. ಡಿಗ್ರಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮುಂದೆ ಪ್ರೊಫೆಸರ್ ಆಗಬೇಕು ಅಂತ ಆಸೆ. ನಮ್ಮ ಗುರುಗಳೊಬ್ಬರು ರಾಜ್ಯಶಾಸ್ತ್ರ ಅಧ್ಯಾಪಕರ ಸಂಘದಲ್ಲಿ ಕಾರ್ಯದರ್ಶಿ. "ಈ ಸಲದ ಸಮ್ಮೇಳನಕ್ಕೆ ಕೆಲಸ ಮಾಡು, ನಾಲ್ಕು ಜನರ ಪರಿಚಯ ಆಗುತ್ತೆ, ಮುಂದೆ ಸಂಘದಲ್ಲೇ ಒಂದು ಜಾಗ ಸಿಗುತ್ತೆ" ಅಂತಾರೆ. ಅಣ್ಣ ಮಾತ್ರ "ಸಂಘ ಗಿಂಘ ಎಲ್ಲ ಬೇಡ, ಸುಮ್ನೆ ನೆಟ್ ಓದು" ಅಂತ ಬೈತಾನೆ. ಯಾರ ಮಾತು ಕೇಳಲಿ? ಪ್ರೊಫೆಸರ್ ಆಗೋಕೆ ನಿಜವಾಗಿ ಎಷ್ಟು ವರ್ಷ ಬೇಕು? ಸಂಘದ ಹುದ್ದೆಯಿಂದ ಏನಾದರೂ ಉಪಯೋಗ ಇದೆಯಾ?

ಉತ್ತರ: ತಂಗಿ, ಈ ವರ್ಷದ ಮಟ್ಟಿಗೆ ನಿಮ್ಮ ಅಣ್ಣನ ಮಾತು ಕೇಳಿ. ಗುರುಗಳ ಮಾತನ್ನು ಮರೆಯಬೇಡಿ, ಸ್ವಲ್ಪ ಮುಂದಕ್ಕೆ ಹಾಕಿ. ಸಂಘದ ಕೆಲಸ ಈ ವೃತ್ತಿಯ ದೊಡ್ಡ ಭಾಗ ಅಂತ ನಾನು ನಂಬಿದ್ದೇನೆ. ಬೆಳಗಾವಿಯಲ್ಲಿ ಪಾಠ ಹೇಳಿಕೊಂಡು, ಸಂಘದಲ್ಲಿ ಖಜಾಂಚಿಯಾಗಿ, ಆಮೇಲೆ ಕಾರ್ಯದರ್ಶಿಯಾಗಿ ದುಡಿದವಳು ನಾನು. ಆದರೆ ಆ ಕೆಲಸ ನಿಮಗೆ ನೌಕರಿ ಕೊಡಿಸುವುದಿಲ್ಲ. ನೌಕರಿಯ ದಾರಿ ಬೇರೆ, ಅದನ್ನೇ ಮೊದಲು ಹೇಳುತ್ತೇನೆ.

ಸಹಾಯಕ ಪ್ರಾಧ್ಯಾಪಕಿ ಆಗಬೇಕಾದರೆ ಎಂ.ಎ.ಯಲ್ಲಿ ಶೇ. 55 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರಿಗೆ ಮತ್ತು ಅಂಗವಿಕಲರಿಗೆ ಶೇ. 50 ಸಾಕು. ಅದರ ಮೇಲೆ ನೆಟ್ (ದೇಶಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಕೆ-ಸೆಟ್ (ನಮ್ಮ ರಾಜ್ಯದ ಅರ್ಹತಾ ಪರೀಕ್ಷೆ) ಪಾಸಾಗಿರಬೇಕು, ಇಲ್ಲವೇ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದ ಪ್ರಕಾರ ಪಡೆದ ಪಿಎಚ್‌.ಡಿ. ಇರಬೇಕು. ನಡುವೆ ಒಂದು ಕಾಲದಲ್ಲಿ, ವಿಶ್ವವಿದ್ಯಾಲಯದಲ್ಲಿ ಸೇರಲು ಪಿಎಚ್‌.ಡಿ. ಕಡ್ಡಾಯ ಅಂತ ನಿಯಮ ಬಂದಿತ್ತು. ಜಾರಿಗೆ ಬರುವ ಮೊದಲೇ ಮುಂದಕ್ಕೆ ಹೋಯಿತು. ಕೊನೆಗೆ 2023ರ ಜುಲೈನಲ್ಲಿ ಯುಜಿಸಿ ಅದನ್ನು ಐಚ್ಛಿಕ ಮಾಡಿತು. ಈಗಲೂ ಹಳ್ಳಿ ಕಡೆಯ ಮಕ್ಕಳು "ಪಿಎಚ್‌.ಡಿ. ಇಲ್ಲದೆ ಅರ್ಜಿ ಹಾಕೋ ಹಾಗಿಲ್ಲ" ಅಂತ ಹೆದರಿ ಕೂತಿರುತ್ತಾರೆ. ಹಾಗೇನಿಲ್ಲ.

ನೆಟ್ ಮೂರು ಗಂಟೆಯ ಪರೀಕ್ಷೆ. ಮೊದಲ ಪತ್ರಿಕೆಯಲ್ಲಿ 50 ಪ್ರಶ್ನೆ, 100 ಅಂಕ. ಅದು ಬೋಧನೆ, ತರ್ಕ, ಸಂಶೋಧನೆಯ ಬಗ್ಗೆ, ಎಲ್ಲ ವಿಷಯದವರಿಗೂ ಒಂದೇ. ಎರಡನೆಯದು ನಮ್ಮ ವಿಷಯ, 100 ಪ್ರಶ್ನೆ, 200 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪಠ್ಯದಲ್ಲಿ ಹತ್ತು ಘಟಕಗಳಿವೆ: ರಾಜಕೀಯ ಸಿದ್ಧಾಂತ, ಪಾಶ್ಚಾತ್ಯ ಚಿಂತನೆ, ಭಾರತೀಯ ಚಿಂತನೆ, ತುಲನಾತ್ಮಕ ರಾಜಕೀಯ, ಅಂತರರಾಷ್ಟ್ರೀಯ ಸಂಬಂಧ, ಭಾರತದ ವಿದೇಶಾಂಗ ನೀತಿ, ಭಾರತದ ರಾಜಕೀಯ ಸಂಸ್ಥೆಗಳು, ಭಾರತದ ರಾಜಕೀಯ ಪ್ರಕ್ರಿಯೆ, ಸಾರ್ವಜನಿಕ ಆಡಳಿತ, ಆಡಳಿತ ಮತ್ತು ಸಾರ್ವಜನಿಕ ನೀತಿ. ನಮ್ಮ ಕಡೆಯ ಮಕ್ಕಳು ಭಾರತದ ಸಂಸ್ಥೆಗಳ ಘಟಕವನ್ನು ಚೆನ್ನಾಗಿ ಓದಿರುತ್ತಾರೆ. ಎಡವುವುದು ತುಲನಾತ್ಮಕ ರಾಜಕೀಯದಲ್ಲಿ ಮತ್ತು ಅಂತರರಾಷ್ಟ್ರೀಯ ಸಂಬಂಧಗಳಲ್ಲಿ. ಕನ್ನಡದಲ್ಲಿ ಇವೆರಡಕ್ಕೂ ಒಳ್ಳೆಯ ಪುಸ್ತಕ ಕಡಿಮೆ, ಅದೇ ಕಾರಣ.

ನಿಮ್ಮ ಇನ್ನೊಂದು ಚಿಂತೆ ಭಾಷೆ. ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರುತ್ತದೆ. ಕೆ-ಸೆಟ್‌ನಲ್ಲಿ ರಾಜ್ಯಶಾಸ್ತ್ರದ ಪ್ರಶ್ನೆಗಳು ಕನ್ನಡದಲ್ಲೂ ಇರುತ್ತವೆ. ಮೊದಲು ಮೈಸೂರು ವಿಶ್ವವಿದ್ಯಾಲಯ ಇದನ್ನು ನಡೆಸುತ್ತಿತ್ತು, ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಹಾಗಾಗಿ ನಿಮಗೆ ನನ್ನ ಸಲಹೆ: ಎರಡಕ್ಕೂ ಅರ್ಜಿ ಹಾಕಿ, ಗುರಿ ಮಾತ್ರ ಮೊದಲು ಕೆ-ಸೆಟ್ ಇರಲಿ. ಆ ಪ್ರಮಾಣಪತ್ರ ನಮ್ಮ ರಾಜ್ಯದಲ್ಲಿ ಮಾತ್ರ ನಡೆಯುತ್ತದೆ, ನೆಟ್ ದೇಶದ ಎಲ್ಲ ಕಡೆ ನಡೆಯುತ್ತದೆ. ಕೊನೆಯ ವರ್ಷದಲ್ಲಿ ಓದುತ್ತಿರುವವರೂ ಬರೆಯಬಹುದು, ಅಂದರೆ ನೀವು ಈಗಲೇ ಬರೆಯಬಹುದು. ನೆಟ್‌ನಲ್ಲಿ ಇನ್ನೂ ಮೇಲಿನ ಅಂಕ ತೆಗೆದವರಿಗೆ ಸಂಶೋಧನೆಗೆ ತಿಂಗಳ ವೇತನ ಕೊಡುವ ಜೆಆರ್‌ಎಫ್ ಸಿಗುತ್ತದೆ. 2023ರ ಜನವರಿಯಿಂದ ಅದು ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಮನೆಯಿಂದ ದುಡ್ಡು ಕೇಳದೆ ಸಂಶೋಧನೆ ಮಾಡಲು ಹೆಣ್ಣುಮಕ್ಕಳಿಗೆ ಇದಕ್ಕಿಂತ ದೊಡ್ಡ ಆಸರೆ ಇಲ್ಲ. "ಮದುವೆ ಯಾವಾಗ" ಅಂತ ಮನೆಯಲ್ಲಿ ಕೇಳುವ ವಯಸ್ಸಿನಲ್ಲಿ ತಿಂಗಳ ಕೊನೆಗೆ ಖಾತೆಗೆ ಬೀಳುವ ಆ ಹಣ ಎಷ್ಟೋ ವಿದ್ಯಾರ್ಥಿನಿಯರ ಓದನ್ನು ಉಳಿಸಿದೆ. ಅದಕ್ಕೇ ಇಂಗ್ಲಿಷ್ ಕಷ್ಟ ಅಂತ ನೆಟ್ ಬಿಡಬೇಡಿ. ದಿನಾ ಒಂದಿಷ್ಟು ಪುಟ ಇಂಗ್ಲಿಷಿನಲ್ಲಿ ಓದಿ, ಟಿಪ್ಪಣಿ ಕನ್ನಡದಲ್ಲಿ ಬರೆಯಿರಿ. ಅರ್ಥವಾಗಿದೆಯೋ ಇಲ್ಲವೋ ಅನ್ನುವುದು ಕನ್ನಡದಲ್ಲಿ ಬರೆಯಲು ಕೂತಾಗಲೇ ಗೊತ್ತಾಗುವುದು.

ಪಾಸಾದ ಮೇಲೆ ಏನು? ಇಲ್ಲಿ ನಾನು ಸಿಹಿ ಮಾತು ಹೇಳುವುದಿಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ ನೇಮಕಾತಿ ಪ್ರತಿ ವರ್ಷ ಆಗುವುದಿಲ್ಲ. 2021ರಲ್ಲಿ ಎಲ್ಲ ವಿಷಯಗಳೂ ಸೇರಿ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಅಧಿಸೂಚನೆ ಬಂತು. ಅಂಥದ್ದಕ್ಕೆ ಜನ ವರ್ಷಗಟ್ಟಲೆ ಕಾಯುತ್ತಾರೆ. ಆ ತನಕ ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಾರೆ. ಶೈಕ್ಷಣಿಕ ವರ್ಷ ಮುಗಿದರೆ ಕೆಲಸವೂ ಮುಗಿಯಿತು, ಮುಂದಿನ ವರ್ಷ ಮತ್ತೆ ಅರ್ಜಿ, ಮತ್ತೆ ಕೌನ್ಸೆಲಿಂಗ್. ಹತ್ತು ಹದಿನೈದು ವರ್ಷ ಹೀಗೇ ಪಾಠ ಹೇಳಿದ, ನಮಗಿಂತ ಚೆನ್ನಾಗಿ ಹೇಳುವ ಅಧ್ಯಾಪಕರು ಬೆಳಗಾವಿ, ವಿಜಯಪುರ, ಬಾಗಲಕೋಟೆ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಇದ್ದಾರೆ. ಅವರಿಗೆ ಆಗಿರುವುದು ಅನ್ಯಾಯ. ನೀವು ಅತಿಥಿ ಉಪನ್ಯಾಸಕಿ ಆಗುವುದಾದರೆ ಆಗಿ, ಪಾಠ ಮಾಡಿದ ಅನುಭವ ಬೇಕೇ ಬೇಕು. ಆದರೆ ಆ ವರ್ಷಗಳಲ್ಲೇ ಪಿಎಚ್‌.ಡಿ.ಗೆ ನೋಂದಣಿ ಮಾಡಿಸಿಕೊಳ್ಳಿ. ಇನ್ನೊಂದು ಮಾತು: ಯಾವುದೇ ಸಂಸ್ಥೆಯಲ್ಲಿ ಹುದ್ದೆಗೆ ದುಡ್ಡು ಕೇಳಿದರೆ ಎದ್ದು ಬನ್ನಿ. ಹೊಲ ಮಾರಿ ಹುದ್ದೆ ಕೊಂಡ ಅಧ್ಯಾಪಕ ಸಂವಿಧಾನದ ಪಾಠ ಹೇಳುವುದು ಹೇಗೆ?

ಪಿಎಚ್‌.ಡಿ. ವಿಷಯ ಬಂದರೆ ನನಗೆ ಹೇಳುವುದು ಜಾಸ್ತಿ ಇದೆ. ನಿಯಮ ಸರಳ. 2022ರ ಯುಜಿಸಿ ನಿಯಮದ ಪ್ರಕಾರ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ, ಹೆಣ್ಣುಮಕ್ಕಳಿಗೆ ಎರಡು ವರ್ಷ ಹೆಚ್ಚಿನ ಅವಕಾಶ, ಜೊತೆಗೆ 240 ದಿನದವರೆಗೆ ಹೆರಿಗೆ ರಜೆ. ಎಂ.ಫಿಲ್. ಈಗ ಇಲ್ಲ. ಒಬ್ಬ ಪ್ರೊಫೆಸರ್ ಎಂಟು ಜನರಿಗೆ, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಜನರಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ಹಾಗಾಗಿ ಗೈಡ್ ಸಿಗುವುದೇ ಮೊದಲ ತೊಡಕು. ನಮ್ಮ ಭಾಗದವರಿಗೆ ಒಂದು ಕಾಲದಲ್ಲಿ ಧಾರವಾಡವೇ ದಿಕ್ಕು. 2003ರಲ್ಲಿ ವಿಜಯಪುರಕ್ಕೆ ಮಹಿಳಾ ವಿಶ್ವವಿದ್ಯಾಲಯ ಬಂತು, 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆಯಿತು. ನಿಮ್ಮ ಪೀಳಿಗೆಗೆ ದೂರ ಕಡಿಮೆ ಆಗಿದೆ.

ಆದರೆ ಪ್ರಶ್ನೆ ಯಾವುದನ್ನು ಹಿಡಿಯುತ್ತೀರಿ? "ಭಾರತದಲ್ಲಿ ಮಹಿಳಾ ಸಬಲೀಕರಣ: ಒಂದು ಅಧ್ಯಯನ" ಅಂತ ದಯವಿಟ್ಟು ತರಬೇಡಿ. ಇಂಥ ಶೀರ್ಷಿಕೆಗಳನ್ನು ನೋಡಿ ನೋಡಿ ನನಗೆ ಬೇಸರಕ್ಕಿಂತ ಸಂಕಟ ಜಾಸ್ತಿ ಆಗುತ್ತದೆ. ಯಾಕೆಂದರೆ ಅದನ್ನು ಬರೆದ ಹುಡುಗಿಯ ಊರಿನಲ್ಲೇ ಯಾರೂ ಬರೆಯದ ವಿಷಯ ಬಿದ್ದಿರುತ್ತದೆ.

1996ರ ಲೋಕಸಭಾ ಚುನಾವಣೆ ನೋಡಿ. ಬೆಳಗಾವಿ ಕ್ಷೇತ್ರದಲ್ಲಿ 456 ಜನ ಕಣದಲ್ಲಿದ್ದರು. ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು ಅನ್ನುವವರು ಗಡಿ ವಿಚಾರಕ್ಕೆ ದೇಶದ ಗಮನ ಸೆಳೆಯಬೇಕು ಅಂತ ಸಾಲುಗಟ್ಟಿ ನಾಮಪತ್ರ ಹಾಕಿಸಿದ್ದರು. ಆಗ ಮತಯಂತ್ರ ಇಲ್ಲ, ಮತಪತ್ರ. ಅಷ್ಟು ಹೆಸರು ಒಂದು ಹಾಳೆಯಲ್ಲಿ ಹಿಡಿಯುವುದು ಹೇಗೆ? ಮತಪತ್ರ ಪುಸ್ತಕದಂತಾಯಿತು, ಚುನಾವಣೆಯೇ ಮುಂದಕ್ಕೆ ಹೋಯಿತು. ಅದೇ ವರ್ಷ ಆಂಧ್ರದ ನಲ್ಗೊಂಡದಲ್ಲಿ 480 ಜನ ನಿಂತಿದ್ದರು. ಇಂಥವನ್ನೆಲ್ಲ ನೋಡಿದ ಮೇಲೆ ಕಾನೂನೇ ಬದಲಾಯಿತು. ಲೋಕಸಭೆಗೆ 500 ರೂಪಾಯಿ ಇದ್ದ ಠೇವಣಿ 10,000ಕ್ಕೆ ಏರಿತು, ಪಕ್ಷೇತರರಿಗೆ ಹತ್ತು ಜನ ಸೂಚಕರು ಬೇಕು ಅಂತಾಯಿತು. ನಮ್ಮ ಊರಿನ ಒಂದು ಪ್ರತಿಭಟನೆ ದೇಶದ ಚುನಾವಣಾ ಕಾನೂನು ಬದಲಾಗಲು ಒಂದು ಕಾರಣ ಆಯಿತು ಅಂದರೆ, ರಾಜ್ಯಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಎಲ್ಲಿ ಸಿಗಬೇಕು? ಠೇವಣಿ ಏರಿದ್ದರಿಂದ ಬಡ ಅಭ್ಯರ್ಥಿಗೆ ಏನಾಯಿತು ಅಂತ ಕೇಳಿದರೆ ಇನ್ನೊಂದು ಅಧ್ಯಾಯ ಆಗುತ್ತದೆ.

ಗಡಿ ವಿವಾದದ ಕತೆಯಲ್ಲೂ ಹೀಗೆಯೇ. 1966ರಲ್ಲಿ ಮಹಾಜನ ಆಯೋಗ ರಚನೆ, 1967ರಲ್ಲಿ ವರದಿ, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋದದ್ದು, 2006ರಿಂದ ಬೆಳಗಾವಿಯಲ್ಲಿ ಅಧಿವೇಶನ, 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆ, ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಡಿಸೆಂಬರ್ ಅಧಿವೇಶನಕ್ಕೆ ಮನವಿ ಹಿಡಿದುಕೊಂಡು ಬರುವ ಜನರನ್ನು ಮಾತನಾಡಿಸಿ ಬರೆದವರು ಕಡಿಮೆ. ಟೆಂಟ್ ಹಾಕಿಕೊಂಡು ಕೂತ ಅವರು ಎಲ್ಲಿಂದ ಬಂದರು, ಯಾರನ್ನು ಭೇಟಿಯಾದರು, ವಾಪಸ್ ಏನು ತೆಗೆದುಕೊಂಡು ಹೋದರು ಅಂತ ಕೇಳಬಹುದಲ್ವಾ? ಬಾಗಲಕೋಟೆ ಕಡೆ ಆಲಮಟ್ಟಿ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರು ನವನಗರದಲ್ಲಿ ಹೇಗೆ ಮತದಾರರಾದರು, ಹಳೆ ಊರಿನ ಓಣಿಗಳ ಬಲ ಹೊಸ ಸೆಕ್ಟರ್‌ಗಳಲ್ಲಿ ಏನಾಯಿತು ಅನ್ನುವುದು ಇನ್ನೊಂದು. ಜಮಖಂಡಿ ಹತ್ತಿರದ ಸಾವಳಗಿಯ ಬಿ.ಡಿ. ಜತ್ತಿ ಸಂಸ್ಥಾನದ ರಾಜಕೀಯದಿಂದ ಹೊರಟು 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿ ಆದರು, 1974ರಲ್ಲಿ ಉಪರಾಷ್ಟ್ರಪತಿ, 1977ರಲ್ಲಿ ಕೆಲ ತಿಂಗಳು ಹಂಗಾಮಿ ರಾಷ್ಟ್ರಪತಿ. ಸಂಸ್ಥಾನದಿಂದ ಗಣರಾಜ್ಯಕ್ಕೆ ಬಂದ ಆ ಪೀಳಿಗೆಯ ರಾಜಕೀಯ ತಿಳಿಯಲು ನಮ್ಮ ಊರುಗಳಲ್ಲೇ ಕಾಗದಪತ್ರ, ನೆನಪು ಎರಡೂ ಇವೆ.

ಮಹಿಳೆಯರ ಬಗ್ಗೆಯೇ ಬರೆಯಬೇಕಾ? ಬರೆಯಿರಿ, ಆದರೆ ಒಂದು ಪಂಚಾಯಿತಿಗೆ ಹೋಗಿ ಕೂತು ಬರೆಯಿರಿ. ಕರ್ನಾಟಕ 1983ರ ಕಾಯ್ದೆಯಲ್ಲೇ ಮಹಿಳೆಯರಿಗೆ ನಾಲ್ಕನೇ ಒಂದು ಭಾಗ ಸ್ಥಾನ ಇಟ್ಟಿತ್ತು, ಸಂವಿಧಾನದ 73ನೇ ತಿದ್ದುಪಡಿ ಬರುವುದಕ್ಕೆ ಹತ್ತು ವರ್ಷ ಮುಂಚೆ. ಈಗ ಅರ್ಧ. ಸಾಮಾನ್ಯ ಸಭೆಯ ದಿನ ಪಂಚಾಯಿತಿ ಕಚೇರಿಗೆ ಹೋದರೆ ನೋಡಲು ಎಷ್ಟೊಂದು ಇರುತ್ತದೆ. ಅಧ್ಯಕ್ಷೆ ತನ್ನ ಕುರ್ಚಿಯಲ್ಲಿ ಕೂತಿದ್ದಾಳೋ, ಆಕೆಯ ಪತಿ ಪಕ್ಕದ ಕುರ್ಚಿ ಎಳೆದುಕೊಂಡಿದ್ದಾನೋ ನೋಡಿ. ಪಿಡಿಒ ಕಡತ ಯಾರ ಮುಂದೆ ಇಡುತ್ತಾರೆ? ನಡಾವಳಿ ಪುಸ್ತಕಕ್ಕೆ ಸಹಿ ಚರ್ಚೆಗೆ ಮೊದಲೇ ಬಿತ್ತೋ, ಆಮೇಲೆ ಬಿತ್ತೋ? ಪೈಪ್‌ಲೈನ್ ವಿಷಯ ಬಂದಾಗ ಹಿಂದಿನ ಸಾಲಿನ ಸದಸ್ಯೆಯರು ಒಮ್ಮೆಲೇ ಮಾತನಾಡಲು ಶುರು ಮಾಡುತ್ತಾರಲ್ಲ, ಆ ಮಾತು ನಡಾವಳಿಯಲ್ಲಿ ಎಷ್ಟು ಉಳಿಯಿತು? ಇದನ್ನು ಒಂದು ವರ್ಷ ಬಿಡದೆ ನೋಡಿ ಬರೆದ ಹುಡುಗಿಗೆ ಸಂದರ್ಶನದಲ್ಲಿ ಯಾರೂ ಅಡ್ಡ ಪ್ರಶ್ನೆ ಕೇಳಿ ಗೆಲ್ಲಲಾರರು.

ಈಗ ವರ್ಷಗಳ ಲೆಕ್ಕ. 2018ರ ಯುಜಿಸಿ ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕರು ವೇತನ ಶ್ರೇಣಿಯ ಲೆವೆಲ್ 10ರಲ್ಲಿ ಸೇರುತ್ತಾರೆ, ಮೂಲ ವೇತನ 57,700. ಪಿಎಚ್‌.ಡಿ. ಇದ್ದರೆ ನಾಲ್ಕು ವರ್ಷಕ್ಕೆ ಲೆವೆಲ್ 11, ಇಲ್ಲದಿದ್ದರೆ ಆರು ವರ್ಷ. ಅಲ್ಲಿಂದ ಐದು ವರ್ಷಕ್ಕೆ ಲೆವೆಲ್ 12. ಮೂರು ವರ್ಷಕ್ಕೆ ಸಹ ಪ್ರಾಧ್ಯಾಪಕ ಹುದ್ದೆ, ಅದಕ್ಕೆ ಪಿಎಚ್‌.ಡಿ. ಬೇಕೇ ಬೇಕು. ಮತ್ತೆ ಮೂರು ವರ್ಷಕ್ಕೆ ಪ್ರೊಫೆಸರ್, ಮೂಲ ವೇತನ 1,44,200. ಎಲ್ಲ ಸರಿಯಾಗಿ ನಡೆದರೆ ಸೇರಿದ ದಿನದಿಂದ ಹದಿನೈದು ವರ್ಷ. ಕಡತ ಎಲ್ಲೋ ಕೂತರೆ ಇನ್ನೂ ಜಾಸ್ತಿ. ಕಾಯುವ ಕಾಲ, ಪಿಎಚ್‌.ಡಿ. ಎಲ್ಲ ಸೇರಿಸಿದರೆ ನಿಮ್ಮ ಹೆಸರಿನ ಮುಂದೆ ಪ್ರೊಫೆಸರ್ ಅಂತ ಬರುವಾಗ ನಲವತ್ತು ದಾಟಿರುತ್ತದೆ. ಮನೆಯಲ್ಲಿ ಇದನ್ನು ಈಗಲೇ ಹೇಳಿಬಿಡಿ.

ಸಂಘದ ಹುದ್ದೆ ಈ ಲೆಕ್ಕದಲ್ಲಿ ಎಲ್ಲಿ ಬರುತ್ತದೆ? ಬಹುಮಟ್ಟಿಗೆ ಬರುವುದೇ ಇಲ್ಲ. ಯುಜಿಸಿ ಲೆಕ್ಕ ಹಾಕುವ ಸಂಶೋಧನಾ ಅಂಕಗಳಲ್ಲಿ, ಸಮಾಜ ವಿಜ್ಞಾನದಲ್ಲಿ ಒಂದು ಸಂಶೋಧನಾ ಲೇಖನಕ್ಕೆ 10 ಅಂಕ, ರಾಷ್ಟ್ರೀಯ ಪ್ರಕಾಶಕರ ಪುಸ್ತಕಕ್ಕೆ 10, ಪುಸ್ತಕದ ಒಂದು ಅಧ್ಯಾಯಕ್ಕೆ 5, ನಿಮ್ಮ ಕೈಕೆಳಗೆ ಒಬ್ಬರು ಪಿಎಚ್‌.ಡಿ. ಮುಗಿಸಿದರೆ 10. ರಾಷ್ಟ್ರೀಯ ಸಮ್ಮೇಳನದಲ್ಲಿ ಆಹ್ವಾನಿತ ಉಪನ್ಯಾಸ ಕೊಟ್ಟರೆ 3. ವಿಚಾರ ಸಂಕಿರಣ ಸಂಘಟಿಸಿದ್ದು ವಾರ್ಷಿಕ ಮೌಲ್ಯಮಾಪನದಲ್ಲಿ ಒಂದು ಚಟುವಟಿಕೆಯಾಗಿ ಸೇರುತ್ತದೆ. "ಸಂಘದ ಕಾರ್ಯದರ್ಶಿ" ಅನ್ನುವುದಕ್ಕೆ ಬೇರೆ ಕಾಲಮ್ಮೇ ಇಲ್ಲ. ಹುದ್ದೆ ಸಿಕ್ಕರೆ ಬಡ್ತಿ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಾದರೆ ಸಂಘ ಯಾಕೆ? ನಮ್ಮ ವಿಷಯಕ್ಕೆ ಒಂದು ಮನೆ ಬೇಕು, ಅದಕ್ಕೆ. ಅಮೆರಿಕದ ರಾಜ್ಯಶಾಸ್ತ್ರ ಸಂಘ ಶುರುವಾದದ್ದು 1903ರಲ್ಲಿ. ಸಾರ್ವಜನಿಕ ಆಡಳಿತದ ಮೊದಲ ಪಾಠದಲ್ಲಿ ನೀವು ಓದುವ ವುಡ್ರೋ ವಿಲ್ಸನ್ ಆ ಸಂಘದ ಅಧ್ಯಕ್ಷರಾಗಿದ್ದರು, ಆಮೇಲೆ ದೇಶದ ಅಧ್ಯಕ್ಷರಾದರು. ಭಾರತೀಯ ರಾಜ್ಯಶಾಸ್ತ್ರ ಸಂಘ 1938ರಲ್ಲಿ ಬನಾರಸ್‌ನಲ್ಲಿ ಹುಟ್ಟಿತು, ಮರುವರ್ಷವೇ ತನ್ನ ಪತ್ರಿಕೆ ಆರಂಭಿಸಿತು. ಸ್ವಾತಂತ್ರ್ಯಕ್ಕೆ ಇನ್ನೂ ಒಂಬತ್ತು ವರ್ಷ ಇತ್ತು. ಸಂವಿಧಾನ ಸಭೆ ಇಲ್ಲ, ವಯಸ್ಕ ಮತದಾನ ಇಲ್ಲ. ಆಗಲೇ ನಾಲ್ಕು ಮೇಷ್ಟರು ಕೂಡಿ, ನಮ್ಮ ದೇಶದ ರಾಜಕೀಯವನ್ನು ನಾವೇ ಓದಬೇಕು, ಬರೆಯಬೇಕು ಅಂತ ಹೊರಟರು. ಅಂತರರಾಷ್ಟ್ರೀಯ ಸಂಘ ಬಂದದ್ದು 1949ರಲ್ಲಿ, ಯುನೆಸ್ಕೋ ಬೆಂಬಲದಿಂದ, ಪ್ಯಾರಿಸ್‌ನಲ್ಲಿ.

ಒಬ್ಬ ಪ್ರೊಫೆಸರ್ ಸಂಘದ ಹುದ್ದೆಯನ್ನು ಹೇಗೆ ಬಳಸಬಹುದು ಅನ್ನುವುದಕ್ಕೆ ನಾನು ಯಾವಾಗಲೂ ಸುಸಾನ್ ರುಡಾಲ್ಫ್ ಅವರ ಹೆಸರು ಹೇಳುತ್ತೇನೆ. ಹುಟ್ಟಿದ್ದು 1930ರಲ್ಲಿ ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ. ನಾಜಿಗಳ ಕಾಲದಲ್ಲಿ ಮನೆಯವರು ಅಮೆರಿಕಕ್ಕೆ ಹೋದರು. 1955ರಲ್ಲಿ ಹಾರ್ವರ್ಡ್‌ನಿಂದ ಪಿಎಚ್‌.ಡಿ. ಮರುವರ್ಷ ಪತಿ ಲಾಯ್ಡ್ ಜೊತೆ ಲ್ಯಾಂಡ್ ರೋವರ್ ಓಡಿಸಿಕೊಂಡು ರಸ್ತೆಯಲ್ಲೇ ಭಾರತಕ್ಕೆ ಬಂದರು. ಜೈಪುರವನ್ನು ಎರಡನೇ ಮನೆ ಮಾಡಿಕೊಂಡು ಜೀವಮಾನವಿಡೀ ನಮ್ಮ ಜಾತಿ, ರಾಜಕೀಯ, ರೈತ, ರಾಜ್ಯಗಳ ಬಗ್ಗೆ ಬರೆದರು. 1964ರಿಂದ ನಿವೃತ್ತಿಯವರೆಗೆ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ. ಏಷ್ಯಾ ಅಧ್ಯಯನದವರ ಸಂಘಕ್ಕೆ ಅಧ್ಯಕ್ಷೆ ಆದರು, 2003-04ರಲ್ಲಿ ಅಮೆರಿಕದ ರಾಜ್ಯಶಾಸ್ತ್ರ ಸಂಘಕ್ಕೂ ಅಧ್ಯಕ್ಷೆ. 2014ರಲ್ಲಿ ನಮ್ಮ ಸರ್ಕಾರ ಇಬ್ಬರಿಗೂ ಪದ್ಮಭೂಷಣ ಕೊಟ್ಟಿತು. ಸುಸಾನ್ 2015ರ ಡಿಸೆಂಬರ್‌ನಲ್ಲಿ ತೀರಿಕೊಂಡರು, ಲಾಯ್ಡ್ ಅದಾದ ಮುಂದಿನ ತಿಂಗಳೇ.

ಅಮೆರಿಕದ ರಾಜ್ಯಶಾಸ್ತ್ರ ಸಂಘದ ಆ ಅಧ್ಯಕ್ಷ ಪೀಠದಿಂದ ಸುಸಾನ್ ಮಾತನಾಡಿದ್ದು ಯಾವುದರ ಬಗ್ಗೆ ಗೊತ್ತಾ? ಐವತ್ತರ ದಶಕದಲ್ಲಿ ಆಗಿನ ಮದ್ರಾಸ್ ರಾಜ್ಯದ ಹಳ್ಳಿಗಳಲ್ಲಿ ನಡೆದ ಒಂದು ಸಮೀಕ್ಷೆಯ ಬಗ್ಗೆ. ಅಮೆರಿಕದ ಪದ್ಧತಿ ಪ್ರಕಾರ ಒಬ್ಬೊಬ್ಬರನ್ನೇ ಕೂರಿಸಿ ಅಭಿಪ್ರಾಯ ಕೇಳಬೇಕು. ಹಳ್ಳಿಯಲ್ಲಿ ಅದು ನಡೆಯುತ್ತದಾ? ಮನೆಯವರು, ನೆರೆಯವರು ಎಲ್ಲ ಸೇರುತ್ತಾರೆ, ಉತ್ತರ ಕೂಡಿಯೇ ಹೇಳುತ್ತಾರೆ. ಅಭಿಪ್ರಾಯ ಅಂದರೆ ಒಬ್ಬನ ತಲೆಯೊಳಗೆ ಇರುವುದು ಅಂತ ನಾವು ಯಾಕೆ ಅಂದುಕೊಂಡೆವು, ಒಂದು ದೇಶದಲ್ಲಿ ಹುಟ್ಟಿದ ಅಳತೆಗೋಲನ್ನು ಇನ್ನೊಂದು ದೇಶದ ಮೇಲೆ ಯಾಕೆ ಹೇರುತ್ತೇವೆ ಅಂತ ಅವರು ಅಮೆರಿಕದ ಅಧ್ಯಾಪಕರನ್ನೇ ಕೇಳಿದರು. ವಿಜಯಪುರದ ಹಳ್ಳಿಯಲ್ಲಿ ಪ್ರಶ್ನಾವಳಿ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತ ಯಾವ ವಿದ್ಯಾರ್ಥಿಗೂ ಈ ಅನುಭವ ಆಗಿರುತ್ತದೆ. ಅಷ್ಟು ದೊಡ್ಡ ವೇದಿಕೆಯನ್ನು ಹಾರ ತುರಾಯಿಗೆ ಕಳೆಯದೆ ತಮ್ಮ ಜೀವಮಾನದ ಓದನ್ನು ಅಲ್ಲಿ ಇಟ್ಟರಲ್ಲ, ಅದು ನನಗೆ ಬಹಳ ಮೆಚ್ಚುಗೆ.

ನಮ್ಮ ಮಟ್ಟದ ಸಂಘದಲ್ಲಿ ಕೆಲಸ ಹೇಗಿರುತ್ತದೆ ಅಂತಲೂ ತಿಳಿದುಕೊಳ್ಳಿ. ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗಿದ್ದರೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಲೆಕ್ಕಪರಿಶೋಧನೆ, ಸಂಘಗಳ ನೋಂದಣಾಧಿಕಾರಿ ಕಚೇರಿಗೆ ಪದಾಧಿಕಾರಿಗಳ ಪಟ್ಟಿ, ಲೆಕ್ಕ ಎಲ್ಲ ಹೋಗಬೇಕು. ಖಜಾಂಚಿ ಅಂದರೆ ರಸೀದಿ ಪುಸ್ತಕ. ಸಮ್ಮೇಳನದ ಬೆಳಿಗ್ಗೆ ನೋಂದಣಿ ಟೇಬಲ್ ಮುಂದೆ ನೂಕುನುಗ್ಗಲು ಇರುತ್ತದೆ. ಒಬ್ಬರು ಫೋನ್‌ಪೇ ಮಾಡಿ ಸ್ಕ್ರೀನ್‌ಶಾಟ್ ತೋರಿಸುತ್ತಾರೆ, ಒಬ್ಬರು ಐನೂರರ ನೋಟು ಕೊಟ್ಟು "ಚಿಲ್ಲರೆ ಆಮೇಲೆ ಕೊಡಿ" ಅಂತ ಟಿಫಿನ್‌ಗೆ ಹೋಗುತ್ತಾರೆ, ಮತ್ತೊಬ್ಬರಿಗೆ ಓಓಡಿಗೆ (ಬೇರೆ ಕರ್ತವ್ಯದ ಮೇಲೆ ಹೊರಗಿದ್ದೆ ಅಂತ ಕಾಲೇಜಿಗೆ ತೋರಿಸಲು) ಹಾಜರಾತಿ ಪತ್ರ ಈಗಲೇ ಬೇಕು, ಯಾಕೆಂದರೆ ಮಧ್ಯಾಹ್ನದ ಬಸ್ಸಿಗೆ ಹೊರಡುವವರು. ಸಂಜೆ ರಸೀದಿಯ ಅಡಿ ಪ್ರತಿಗಳನ್ನೂ ಬ್ಯಾಂಕಿನ ಸಂದೇಶಗಳನ್ನೂ ಎದುರು ಇಟ್ಟುಕೊಂಡು ತಾಳೆ ಹಾಕಬೇಕು. ಅದೇ ರಾತ್ರಿ ತಾಳೆ ಹಾಕದಿದ್ದರೆ ಮುಂದೆಂದೂ ಆಗುವುದಿಲ್ಲ. ಕಾರ್ಯದರ್ಶಿಯ ಕೆಲಸ ಪತ್ರ ವ್ಯವಹಾರ, ಸಭೆಯ ಸೂಚನೆ, ನಡಾವಳಿ. ಯಾರು ಏನು ಹೇಳಿದರು, ಕೊನೆಗೆ ಏನು ತೀರ್ಮಾನ ಆಯಿತು ಅಂತ ವಾದ ಮಾಡಿದ ಎರಡೂ ಕಡೆಯವರು ಒಪ್ಪುವ ಹಾಗೆ ನಾಲ್ಕು ಸಾಲು ಬರೆಯುವುದು ದೊಡ್ಡ ವಿದ್ಯೆ. ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥೆಯಾಗಿ ಇಷ್ಟು ವರ್ಷ ನಾನು ನಡೆಸಿದ ಸಭೆಗಳಿಗೆಲ್ಲ ತಯಾರಾದದ್ದು ಸಂಘದಲ್ಲೇ.

ಇನ್ನೂ ಗಂಭೀರವಾದ ಕೆಲಸ ಇದೆ. ನಮ್ಮ ಕಾಲೇಜುಗಳಲ್ಲಿ ಒಂದು ವಿಷಯದ ಅಧ್ಯಾಪಕ ಹುದ್ದೆ ಉಳಿಯುವುದು ಕಾರ್ಯಭಾರದ ಮೇಲೆ. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ ಇರಬೇಕು. ಪಠ್ಯಕ್ರಮ ಬದಲಾದರೆ ಈ ಗಂಟೆಗಳು ಅದಲು ಬದಲಾಗುತ್ತವೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯ ಬಂತು, 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಎರಡು ಸಲವೂ ಎಲ್ಲ ವಿಷಯದವರೂ ತಮ್ಮ ಗಂಟೆ ಎಣಿಸಿಕೊಂಡರು. ಸಂವಿಧಾನದ ಕಡ್ಡಾಯ ಪತ್ರಿಕೆಯನ್ನು ಯಾರು ಹೇಳಬೇಕು? ರಾಜ್ಯಶಾಸ್ತ್ರದವರೇ ಹೇಳಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಗಂಟೆ ಖಾಲಿ ಇರುವ ಯಾರಿಗೋ ಹಂಚಿಬಿಡುವ ಪತ್ರಿಕೆ ಅದಲ್ಲ. ಇಂಥ ವಿಚಾರದಲ್ಲಿ ಒಬ್ಬ ಅಧ್ಯಾಪಕ ಪತ್ರ ಬರೆದರೆ ಕಸದ ಬುಟ್ಟಿಗೆ ಹೋಗುತ್ತದೆ. ಮೂರು ಜಿಲ್ಲೆಯ ಅಧ್ಯಾಪಕರು ಸಹಿ ಹಾಕಿ, ಪಠ್ಯ ರೂಪಿಸುವ ಅಧ್ಯಯನ ಮಂಡಳಿಯ (ಬಿಓಎಸ್) ಅಧ್ಯಕ್ಷರ ಮುಂದೆ ಪಠ್ಯದ ಕರಡು ಇಟ್ಟು ಮಾತನಾಡಿದರೆ ಕೇಳಿಸಿಕೊಳ್ಳಲೇಬೇಕು. ನೀವು ನಾಳೆ ಅರ್ಜಿ ಹಾಕುವ ಹುದ್ದೆ ಅಲ್ಲಿ ಉಳಿದಿರಬೇಕಾದರೆ ಇಂದು ಯಾರಾದರೂ ಆ ಸಭೆಗೆ ಹೋಗಿರಬೇಕು. ನಿಮ್ಮ ಗುರುಗಳು ಮಾಡುತ್ತಿರುವುದು ಬಹುಶಃ ಅದೇ ಕೆಲಸ. ಅಣ್ಣನಿಗೆ ಇದನ್ನು ಹೇಳಿ.

ಕೆಟ್ಟದ್ದೂ ಇದೆ, ಮುಚ್ಚಿಡುವುದಿಲ್ಲ. ಕೆಲವು ಕಡೆ ಸಂಘ ಅಂದರೆ ಒಂದು ಗುಂಪು, ಒಂದು ಜಾತಿ, ಒಬ್ಬರೇ ಅಧ್ಯಕ್ಷರು ವರ್ಷಾನುಗಟ್ಟಲೆ. ಸಂಕಿರಣ ಅಂದರೆ ಪ್ರಮಾಣಪತ್ರ. ಉದ್ಘಾಟನೆ ಮಧ್ಯಾಹ್ನದವರೆಗೆ ಎಳೆಯುತ್ತದೆ. ಊಟದ ನಂತರ ಒಂದು ಕೋಣೆಯಲ್ಲಿ ಹತ್ತಾರು ಮಂದಿ ತಲಾ ಐದು ನಿಮಿಷ ಓದಿ ಮುಗಿಸುತ್ತಾರೆ. ಹಿಂದಿನ ರಾತ್ರಿ ರೈಲಿನಲ್ಲಿ ಬಂದ ವಿದ್ಯಾರ್ಥಿಯ ಪ್ರಬಂಧಕ್ಕೆ ಒಂದೇ ಒಂದು ಪ್ರಶ್ನೆ ಬರುವುದಿಲ್ಲ. ಇದು ತಪ್ಪು, ಇದನ್ನು ಬದಲಾಯಿಸಲು ಸಾಧ್ಯ ಇದೆ. ಉದ್ಘಾಟನೆಗೆ ಒಂದು ಗಂಟೆ, ಪ್ರತಿ ಪ್ರಬಂಧಕ್ಕೆ ಮೊದಲೇ ಓದಿಕೊಂಡು ಬಂದ ಒಬ್ಬ ಪ್ರತಿಕ್ರಿಯೆಕಾರ, ಇಷ್ಟು ಮಾಡಿದರೆ ಸಾಕು, ಸಮ್ಮೇಳನದ ರೂಪವೇ ಬೇರೆ ಆಗುತ್ತದೆ. ಸೇರಬೇಕಾದ ಸಂಘ ಯಾವುದು ಅಂತ ತಿಳಿಯಲು ಅವರ ಲೆಕ್ಕಪತ್ರ ಸದಸ್ಯರಿಗೆ ಸಿಗುತ್ತದಾ, ಪದಾಧಿಕಾರಿಗಳು ಕಾಲಕಾಲಕ್ಕೆ ಬದಲಾಗುತ್ತಾರಾ ಅಂತ ವಿಚಾರಿಸಿ.

ಹೆಣ್ಣುಮಕ್ಕಳಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಸಮ್ಮೇಳನ ಅಂದ ಕೂಡಲೇ ವಿದ್ಯಾರ್ಥಿನಿಯರಿಗೆ ಕೊಡುವ ಕೆಲಸ ಯಾವುದು ಅಂತ ನಿಮಗೆ ಗೊತ್ತೇ ಇದೆ. ಪ್ರಾರ್ಥನಾ ಗೀತೆ, ರಂಗೋಲಿ, ವೇದಿಕೆಗೆ ಹೂಗುಚ್ಛ ತೆಗೆದುಕೊಂಡು ಹೋಗುವುದು, ಹೆಚ್ಚೆಂದರೆ ನಿರೂಪಣೆ. ಹುಡುಗರು ಕರಡು ತಿದ್ದುತ್ತಾರೆ, ಅತಿಥಿಗಳನ್ನು ಕರೆತರಲು ಸ್ಟೇಷನ್‌ಗೆ ಹೋಗುತ್ತಾರೆ, ದಾರಿಯಲ್ಲಿ ಅವರ ಜೊತೆ ಒಂದು ಗಂಟೆ ಮಾತನಾಡುತ್ತಾರೆ. ಪರಿಚಯ ಆಗುವುದು ಅಲ್ಲಿ. ಆ ಹೂಗುಚ್ಛದ ಕೆಲಸ ನಯವಾಗಿ ಬೇಡ ಅನ್ನಿ. ಸೀರೆ ಉಟ್ಟುಕೊಂಡು ನಿಂತು ಕಾಲು ನೋಯಿಸಿಕೊಂಡ ಮೇಲೆ ನಿಮ್ಮ ಹೆಸರು ಯಾರಿಗೂ ನೆನಪಿರುವುದಿಲ್ಲ.

ಕೇಳಬೇಕಾದದ್ದು ಹೀಗೆ: "ಸರ್, ಈ ಸಲ ನನಗೆ ಪರೀಕ್ಷೆ ಇದೆ. ಆದರೆ ಬಂದ ಸಾರಾಂಶಗಳನ್ನು ಓದಿ ವಿಂಗಡಿಸುವ ಕೆಲಸದಲ್ಲಿ ನನ್ನನ್ನೂ ಸೇರಿಸಿಕೊಳ್ಳಿ." ಇದನ್ನು ಮನೆಯಲ್ಲಿ ಕೂತೇ ಮಾಡಬಹುದು, ಸಂಜೆಯ ಕೆಲವು ಗಂಟೆ ಸಾಕು. ನಿಮ್ಮ ಓದಿಗೂ ಉಪಯೋಗ. ಹತ್ತು ಸಾರಾಂಶ ಓದಿದರೆ ಯಾವುದರಲ್ಲಿ ಪ್ರಶ್ನೆ ಇದೆ, ಯಾವುದು ಎಲ್ಲಿಂದಲೋ ಎತ್ತಿಕೊಂಡದ್ದು ಅಂತ ತಿಳಿಯಲು ಶುರುವಾಗುತ್ತದೆ. ಒಂದು ಸಾರಾಂಶದಲ್ಲಿ "ಅಧ್ಯಯನಕ್ಕೆ ಪ್ರಾಥಮಿಕ ಮತ್ತು ದ್ವಿತೀಯ ಮೂಲಗಳನ್ನು ಬಳಸಲಾಗಿದೆ" ಅಂತ ಇದ್ದು, ಯಾವ ಊರು, ಯಾವ ಕಡತ, ಎಷ್ಟು ಜನ ಅಂತ ಒಂದೂ ಇಲ್ಲದಿದ್ದರೆ ಅಂಚಿನಲ್ಲಿ ಅದನ್ನೇ ಕೇಳಿ ಬರೆಯಿರಿ. ನಿಮ್ಮ ಪ್ರಬಂಧ ಬರೆಯುವಾಗ ಅದೇ ಪ್ರಶ್ನೆ ನಿಮ್ಮ ಮುಂದೆ ಬಂದು ನಿಲ್ಲುತ್ತದೆ.

ಜಂಟಿ ಕಾರ್ಯದರ್ಶಿ, ಕಾರ್ಯಕಾರಿ ಸಮಿತಿ ಇವೆಲ್ಲ ಈಗ ಬೇಡ. ಕೆ-ಸೆಟ್ ಅಥವಾ ನೆಟ್ ಪಾಸಾಗಿ, ಪಿಎಚ್‌.ಡಿ. ನೋಂದಣಿ ಆದ ಮೇಲೆ ಸದಸ್ಯತ್ವ ಪಡೆಯಿರಿ. ಮೊದಲ ಹುದ್ದೆಯಾಗಿ ಖಜಾಂಚಿಗೆ ಸಹಾಯಕಿ ಆಗಲು ಕೇಳಿ. ಎಲ್ಲರೂ ಬೇಡ ಅನ್ನುವ ಹುದ್ದೆ ಅದು, ಹಾಗಾಗಿ ಸಿಗುತ್ತದೆ. ಖಾತೆಗೆ ಇಬ್ಬರ ಸಹಿ ಇರುವ ಹಾಗೆ ನೋಡಿಕೊಳ್ಳಿ, ಖಾಲಿ ಚೆಕ್‌ಗೆ ಯಾರು ಹೇಳಿದರೂ ಸಹಿ ಮಾಡಬೇಡಿ. ಈ ಸಲದ ಸಮ್ಮೇಳನಕ್ಕೆ ಒಂದು ದಿನ ಕೇಳುಗರಾಗಿ ಹೋಗಿ ಬನ್ನಿ, ಊಟದ ನಂತರದ ಗೋಷ್ಠಿಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಒಬ್ಬರಿಗಾದರೂ ಒಂದು ಪ್ರಶ್ನೆ ಕೇಳಿ. ಕೆ-ಸೆಟ್ ಅರ್ಜಿಯ ದಿನಾಂಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಬರುತ್ತದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಈ ವಾರವೇ ನಾಡಕಚೇರಿಗೆ ಹೋಗಿ ಹೊಸದಕ್ಕೆ ಅರ್ಜಿ ಕೊಡಿ. ಕೊನೆಯ ದಿನ ಮಕ್ಕಳು ಓಡಾಡುವುದು ಅದಕ್ಕೇ.